ಆಪ್ತಸಮಾಲೋಚಕರನ್ನು ಕೇಳಿ: ಮನೆಯವರಿಗೆ ಹೇಳದ ಮದುವೆ

ಹೆಸರು ಬೇಡವೆಂದ ಸದಸ್ಯೆ, ಬೆಂಗಳೂರು: ಮೇಡಂ, ನನಗೆ 29 ವರ್ಷ, ಬ್ಯಾಂಕಿನಲ್ಲಿ ಕೆಲಸ. ಎರಡು ವರ್ಷದ ಹಿಂದೆ ಬೇರೆ ಜಾತಿಯವರನ್ನು ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದೆ. ನೋಂದಣಿ ಕಚೇರಿಯ ಫಲಕದಲ್ಲಿ ಮದುವೆಯ ನೋಟಿಸು ಇದ್ದ 30 ದಿನವೂ ಊರಿನವರು ಯಾರಾದರೂ ನೋಡಿಬಿಟ್ಟಾರೆಂದು ಹೆದರಿದ್ದೆ; ಆ ಹೆದರಿಕೆ ಇನ್ನೂ ಹೋಗಿಲ್ಲ. ನಾನು ಪಿ.ಜಿ.ಯಲ್ಲಿದ್ದೇನೆ, ತಾಳಿ ಕುಂಕುಮದ ಭರಣಿಯಲ್ಲಿದೆ. ಕಳೆದ ಮಳೆಗಾಲದಲ್ಲಿ ಡೆಂಗಿಯಾಗಿ ಆಸ್ಪತ್ರೆ ಸೇರಿದಾಗ, ರಾತ್ರಿಯಿಡೀ ಪಕ್ಕದಲ್ಲಿ ಕುಳಿತಿದ್ದ ಅವರನ್ನು ಬೆಳಿಗ್ಗೆ ಬಂದ ಅಮ್ಮನಿಗೆ 'ನಮ್ಮ ಬ್ರಾಂಚಿನವರು' ಎಂದು ಪರಿಚಯಿಸಿದೆ. ಅಮ್ಮ ಕೈಮುಗಿದು, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರು. ಈಗ ಅಪ್ಪ ಮುಂದಿನ ತಿಂಗಳು ನನ್ನ ನಿಶ್ಚಿತಾರ್ಥಕ್ಕೆ ದಿನ ಗೊತ್ತುಮಾಡಿದ್ದಾರೆ. ತಂಗಿಯ ಮದುವೆ ಮುಗಿಯಲಿ ಎಂದಿದ್ದ ನನ್ನ ಯಜಮಾನರು, ಅದು ಮುಗಿದ ಮೇಲೆ ಬಡ್ತಿ ಸಿಗಲಿ ಎಂದರು, ಈಗ ಮನೆಯ ಸಾಲ ತೀರಲಿ ಎನ್ನುತ್ತಾರೆ. ಪ್ರಮಾಣಪತ್ರ ಅವರ ಬಳಿಯಿದೆ. ನನಗೆ ನಿದ್ರೆಯಿಲ್ಲ. ನಾನೇ ಇಲ್ಲದಿದ್ದರೆ ಎಲ್ಲರಿಗೂ ಸಲೀಸಾಗುತ್ತಿತ್ತು ಎನಿಸುತ್ತದೆ.

ಸದಸ್ಯ, ತುಮಕೂರು: ಹೆತ್ತವರ ಒಪ್ಪಿಗೆಯಿಲ್ಲದ ಮದುವೆ ಊರ್ಜಿತವಾಗುತ್ತದೆಯೇ?

ಆಪ್ತಸಮಾಲೋಚಕಿ: ಕಾಯ್ದೆಯ ಷರತ್ತುಗಳು ಪೂರೈಸಿದ್ದರೆ ಆಗುತ್ತದೆ. ಬೆಳಗಾವಿ ಜಿಲ್ಲೆಯ ಮುರಗೋಡ ಠಾಣೆಯಲ್ಲಿ ತಂದೆಯೊಬ್ಬರು ಮಗಳು ಕಾಣೆಯಾಗಿದ್ದಾಳೆಂದು ದೂರು ಕೊಟ್ಟಿದ್ದರು. ಉಪನ್ಯಾಸಕಿಯಾಗಿದ್ದ ಆಕೆ ಮನೆಯವರಿಗೆ ತಿಳಿಸದೆ ಮದುವೆಯಾಗಿದ್ದರು. ವಯಸ್ಕರಿಬ್ಬರು ಒಪ್ಪಿದ ಮೇಲೆ ಕುಟುಂಬದ ಸಮ್ಮತಿ ಅಗತ್ಯವಿಲ್ಲವೆಂದು ಸುಪ್ರೀಂ ಕೋರ್ಟ್ ಆ ಪ್ರಕರಣದಲ್ಲಿ 2021ರಲ್ಲಿ ಹೇಳಿದೆ.

ಸದಸ್ಯೆ, ಹಾಸನ: ನನಗೊಂದು ಫಾರ್ವರ್ಡ್ ಬಂದಿತ್ತು. ಆರು ತಿಂಗಳು ಒಟ್ಟಿಗೆ ಬಾಳದಿದ್ದರೆ ರಿಜಿಸ್ಟರ್ ಮದುವೆ ತಾನಾಗಿ ರದ್ದಾಗುವುದಂತೆ. ನಿದ್ರೆಗೆ ಹಾಲಿನಲ್ಲಿ ಎರಡು ಜಾಯಿಕಾಯಿ ತೇಯ್ದು ಕುಡಿಯಬೇಕಂತೆ.

ಆಪ್ತಸಮಾಲೋಚಕಿ: ಎರಡನ್ನೂ ದಯವಿಟ್ಟು ಅಳಿಸಿಹಾಕಿ. ಮದುವೆ ತಾನಾಗಿ ರದ್ದಾಗುವುದಿಲ್ಲ. ಎರಡು ಜಾಯಿಕಾಯಿ ವಿಷವಾಗಬಲ್ಲದು. ಎದೆ ಹೊಡೆದುಕೊಳ್ಳುತ್ತದೆ, ಭ್ರಮೆ ಹಿಡಿಯುತ್ತದೆ.

ಬೆಂಗಳೂರಿನ ತಂಗಿಗೆ: ನಿಮ್ಮ ಕೊನೆಯ ವಾಕ್ಯದಿಂದ ಶುರುಮಾಡುತ್ತೇನೆ. ಸಾಯುವ ಯೋಚನೆ ಬರುತ್ತಿದೆಯೇ? ಹೇಗೆಂದು ಕೂಡ ಯೋಚಿಸಿದ್ದೀರಾ? ನನಗೆ ಈಗಲೇ ಖಾಸಗಿಯಾಗಿ ಬರೆಯಿರಿ. ನನ್ನ ಉತ್ತರ ತಡವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ; ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಇಂದು ರಾತ್ರಿ ಒಬ್ಬರೇ ಇರಬೇಡಿ.

ಅಮ್ಮ ಕಾಫಿ ಬಗ್ಗಿಸಿದ ಆ ಗಳಿಗೆಯನ್ನು ನೀವು ತಪ್ಪೊಪ್ಪಿಗೆಯಂತೆ ಬರೆದಿದ್ದೀರಿ. ಅಳಿಯನಿಗೆ ಅತ್ತೆ ಮಾಡಿದ ಮೊದಲ ಉಪಚಾರ ಅದು, ಮಾಡಿದವರಿಗೇ ತಿಳಿಯದೆ ಕಳೆದುಹೋಯಿತು. ಎರಡು ವರ್ಷದಿಂದ ಇಂಥ ಎಷ್ಟು ನಷ್ಟಗಳನ್ನು ನೀವು ಒಬ್ಬರೇ ನುಂಗಿಕೊಂಡಿದ್ದೀರೋ, ನಿದ್ರೆ ಹೋಗಿರುವುದರಲ್ಲಿ ಆಶ್ಚರ್ಯವೇನಿದೆ? ಫೋನ್ ರಿಂಗಾದರೆ ಯಾವ ದನಿಯಲ್ಲಿ ಮಾತಾಡಬೇಕೆಂದು ದಿನವಿಡೀ ಲೆಕ್ಕ ಹಾಕುವ ದೇಹ ರಾತ್ರಿಯೂ ಕಾವಲು ಬಿಡುವುದಿಲ್ಲ.

ನನ್ನನ್ನು ಕಾಡುತ್ತಿರುವುದು ಇನ್ನೊಂದು ಸಂಗತಿ. ಈ ಗುಟ್ಟನ್ನು ಇಬ್ಬರೂ ಸೇರಿ ಶುರುಮಾಡಿದಿರಿ, ಆದರೆ ಈಗ ಅದರ ಗಡುವನ್ನು ನಿರ್ಧರಿಸುತ್ತಿರುವವರು ಅವರೊಬ್ಬರೇ. ಮೂರು ಕಾರಣಗಳೂ ಅವರ ಮನೆಯವು, ಪ್ರಮಾಣಪತ್ರವೂ ಅವರಲ್ಲಿದೆ. ಅವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ, ಅವರಿಗೂ ಭಯವಿರಬಹುದು. ಆದರೂ ನಿಶ್ಚಿತಾರ್ಥದ ಸುದ್ದಿ ಕೇಳಿ ಅವರೇನೆಂದರು ಎಂಬುದನ್ನು ನೀವು ಬರೆದೇ ಇಲ್ಲ. ನಿಶ್ಚಿತಾರ್ಥವಾದರೆ ಏನೂ ಅರಿಯದ ಮತ್ತೊಂದು ಮನೆ ಇದರೊಳಗೆ ಬರುತ್ತದೆ, ಮುಂದೆ ಆ ಮದುವೆ ನಡೆದುಹೋದರೆ ಅದು ಅನೂರ್ಜಿತ. ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನಡಿ 7 ವರ್ಷದವರೆಗೆ, ಮೊದಲ ಮದುವೆಯನ್ನು ಮುಚ್ಚಿಟ್ಟಿದ್ದರೆ 10 ವರ್ಷದವರೆಗೆ ಸೆರೆವಾಸವಾಗಬಹುದು. ಮೊದಲು ಸೋದರಮಾವನಿಗೋ ಚಿಕ್ಕಮ್ಮನಿಗೋ, ನಿಮ್ಮ ಪರ ನಿಲ್ಲುವ ಒಬ್ಬರಿಗೆ ಹೇಳಿ. ಮನೆಯಲ್ಲಿ ಕೈಮಾಡಬಹುದೆಂಬ ಅಳುಕಿದ್ದರೆ ಒಬ್ಬರೇ ಊರಿಗೆ ಹೋಗಬೇಡಿ, ಅಪಾಯವೆನಿಸಿದರೆ 112.

ಸದಸ್ಯ, ದಾವಣಗೆರೆ: ಸಾಕಿ ಸಲಹಿದವರ ಕಣ್ಣೀರಿನ ಬಗ್ಗೆ ಒಂದು ಮಾತೂ ಇಲ್ಲವಲ್ಲ, ಮೇಡಂ. ನನಗೂ ಮಗಳಿದ್ದಾಳೆ.

ಸದಸ್ಯೆ, ಮೈಸೂರು: ಹಾಗಾದರೆ ಸರ್, ನಿಮ್ಮ ಮಗಳು ಬಂದು ಹೇಳಿದರೆ ಕೂರಿಸಿಕೊಂಡು ಕೇಳುತ್ತೀರಾ?

ಸದಸ್ಯ, ದಾವಣಗೆರೆ: ನಮ್ಮ ಮನೆಯ ವಿಷಯ ನಿಮಗೇಕೆ?

ಸದಸ್ಯೆ, ಮೈಸೂರು: ಮಗಳ ಮಾತನ್ನು ತಂದವರು ನೀವೇ. ಇಂಥ ಉತ್ತರಕ್ಕೆ ಹೆದರಿಯೇ ಹೆಣ್ಣುಮಕ್ಕಳು ಭರಣಿಯಲ್ಲಿ ತಾಳಿ ಇಡುವುದು. ನಾನು ನಾಲ್ಕು ವರ್ಷ ಇಟ್ಟಿದ್ದೆ. ಅಪ್ಪ ತೀರಿಕೊಂಡಾಗ ನನ್ನ ಗಂಡ ರಸ್ತೆಯ ಆಚೆ ನಿಂತಿದ್ದರು.

ಸದಸ್ಯ, ಕಲಬುರಗಿ: ಗಂಡಸಿನ ಕಡೆಯಿಂದ ಕೇಳುತ್ತಿದ್ದೇನೆ, ಮೇಡಂ. ಹೆಂಡತಿಯೇ ಹೇಳುವುದು ಬೇಡವೆನ್ನುತ್ತಿದ್ದರೆ ನಾನೇನು ಮಾಡಬೇಕು?

ಸದಸ್ಯೆ, ಹಾಸನ: ತಾಳಿಯನ್ನು ದೇವಸ್ಥಾನದ ಹುಂಡಿಗೆ ಹಾಕಿದರೆ ಬಂಧನ ಕಳೆಯುವುದೆಂದು ಇನ್ನೊಂದು ಬಂದಿದೆ.

ಆಪ್ತಸಮಾಲೋಚಕಿ: ಬೇಡವೆಂದು ಒಮ್ಮೆ ಹೇಳಿದ್ದೇನೆ. ನಿದ್ರೆಗೆಟ್ಟ ಜೀವವೊಂದು ಇಲ್ಲಿ ಓದುತ್ತಿದೆ. ದಾವಣಗೆರೆಯವರೇ, ಹೆತ್ತವರ ನೋವು ನಿಜ, ಅದನ್ನು ನಾನು ವಾರವಾರ ಕಾಣುತ್ತೇನೆ. ಆದರೆ ಅದನ್ನು ಇಂದು ಈ ಹುಡುಗಿಯ ಮೇಲೆ ಹೊರಿಸಬೇಡಿ.

ಸದಸ್ಯ, ಶಿವಮೊಗ್ಗ: ಅಪ್ಪ ಅಮ್ಮನ ಸಹಿಯಿಲ್ಲದೆ ಮದುವೆ ನಡೆಯುತ್ತದೆಯೇ?

ಆಪ್ತಸಮಾಲೋಚಕಿ: ಮೇಲೆ ಉತ್ತರಿಸಿದ್ದೇನೆ, ಓದಿ.

ಹೆಸರು ಬೇಡವೆಂದ ಸದಸ್ಯೆ, ಬೆಂಗಳೂರು: ಮೇಡಂ, ನಿಮಗೆ ಖಾಸಗಿಯಾಗಿ ಬರೆದಿದ್ದೇನೆ. ರಾತ್ರಿ ರೂಮಿನ ಗೆಳತಿ ಜೊತೆಗಿರುತ್ತಾಳೆ, ಅವಳಿಗೆ ಎಲ್ಲವನ್ನೂ ಹೇಳಿದೆ. ಅವರಲ್ಲಿ ಪ್ರಮಾಣಪತ್ರ ಕೇಳಿದೆ. ಎಲ್ಲಿಟ್ಟಿದ್ದೇನೋ ಹುಡುಕಿ ಭಾನುವಾರ ನೋಡೋಣ ಎಂದರು.

ಆಪ್ತಸಮಾಲೋಚಕಿ: ಓದಿದೆ, ಹತ್ತು ನಿಮಿಷದಲ್ಲಿ ಕರೆ ಮಾಡುತ್ತೇನೆ. ಭಾನುವಾರಕ್ಕೆ ಕಾಯಬೇಡಿ. ಮದುವೆ ನೋಂದಣಿಯಾದ ಕಚೇರಿಯಲ್ಲಿ ಶುಲ್ಕ ಕಟ್ಟಿ ದೃಢೀಕೃತ ಪ್ರತಿಯನ್ನು ನೀವೇ ಪಡೆಯಬಹುದು. ಗೆಳತಿಯನ್ನೂ ಕರೆದುಕೊಂಡು ಹೋಗಿ.