ಕೈಗಾ ಟೆಕ್ನಿಷಿಯನ್ ಸಂಬಳ: ಕೈಗೆ ಎಷ್ಟು, ಖರ್ಚಿಗೆ ಎಷ್ಟು?

ಪ್ರಶ್ನೆ: ನಮಸ್ಕಾರ ಸರ್. ಫಿಟ್ಟರ್ ಟ್ರೇಡ್‌ನಲ್ಲಿ ಎರಡು ವರ್ಷದ ಐಟಿಐ ಮುಗಿದಿದೆ. ಕೈಗಾ ಅಣು ವಿದ್ಯುತ್ ಸ್ಥಾವರಕ್ಕೆ ಎನ್‌ಪಿಸಿಐಎಲ್ (ಭಾರತೀಯ ಅಣು ವಿದ್ಯುತ್ ನಿಗಮ) ಕರೆಯುವ ಸ್ಟೈಪೆಂಡಿಯರಿ ಟ್ರೈನಿ ಹುದ್ದೆಗೆ ಅರ್ಜಿ ಹಾಕೋಣ ಅಂತಿದ್ದೇನೆ. ಯೂಟ್ಯೂಬ್‌ನಲ್ಲಿ ಒಬ್ಬರು ಐವತ್ತು ಸಾವಿರ ಅಂತಾರೆ, ಇನ್ನೊಬ್ಬರು ಇಪ್ಪತ್ತು ಅಂತಾರೆ. ನಿಜವಾಗಿ ಕೈಗೆ ಎಷ್ಟು ಬರುತ್ತೆ? ಮನೆಯವರನ್ನು ಕರೆದುಕೊಂಡು ಹೋದರೆ ಸಾಲುತ್ತಾ?

ಉತ್ತರ: ಇಪ್ಪತ್ತು ಅಂದವರು ತರಬೇತಿಯ ಲೆಕ್ಕ ಹೇಳಿದ್ದಾರೆ. ಐವತ್ತು ಅಂದವರು ಕೆಲವು ವರ್ಷ ಸರ್ವಿಸ್ ಆದವರ ಲೆಕ್ಕವನ್ನೋ, ಎಲ್ಲ ಭತ್ಯೆ ಕೂಡಿಸಿದ ಲೆಕ್ಕವನ್ನೋ ಹೇಳಿದ್ದಾರೆ. ನಿಮಗೆ ಬೇಕಾಗಿರುವುದು ಇವೆರಡರ ನಡುವಿನದು.

ತರಬೇತಿ ಎರಡು ವರ್ಷ. ಇತ್ತೀಚಿನ ಅಧಿಸೂಚನೆಗಳಲ್ಲಿ ಸ್ಟೈಪೆಂಡ್ ಮೊದಲ ವರ್ಷ ತಿಂಗಳಿಗೆ 20,000, ಎರಡನೇ ವರ್ಷ 22,000 ರೂಪಾಯಿ. ಇದಕ್ಕೆ ತುಟ್ಟಿಭತ್ಯೆ (ಡಿಎ) ಸೇರುವುದಿಲ್ಲ. ತರಬೇತಿ ಪಾಸಾದ ಮೇಲೆ ಟೆಕ್ನಿಷಿಯನ್-ಬಿ, ಪೇ ಲೆವೆಲ್ 3, ಬೇಸಿಕ್ 21,700. ಸ್ಟೈಪೆಂಡ್‌ಗಿಂತ ಬೇಸಿಕ್ಕೇ ಕಡಿಮೆ ಆಯ್ತಲ್ಲ ಅಂತ ಗಾಬರಿ ಆಗಬೇಡಿ. ಡಿಎ ಸೇರುವುದು ಇಲ್ಲಿಂದ.

ಜುಲೈ 2025ರ ಕೇಂದ್ರ ಡಿಎ ದರ 58%. 21,700ಕ್ಕೆ ಅದು 12,586. ಎರಡೂ ಸೇರಿ 34,286. ನಿವೃತ್ತಿ ನಿಧಿಗೆ ಸುಮಾರು ಹತ್ತನೇ ಒಂದು ಭಾಗ, ಅಂದರೆ 3,400ರ ಆಸುಪಾಸು ಕಳೆಯಿರಿ. ವೃತ್ತಿ ತೆರಿಗೆ 200. ಹೊಸ ತೆರಿಗೆ ಪದ್ಧತಿಯಲ್ಲಿ ಈ ಮಟ್ಟಕ್ಕೆ ಆದಾಯ ತೆರಿಗೆ ಬೀಳುವುದಿಲ್ಲ. ಕ್ವಾರ್ಟರ್ಸ್‌ನಲ್ಲಿ ಇದ್ದೀರಿ ಅಂದುಕೊಂಡರೆ ಕೈಗೆ ಮೂವತ್ತು ಸಾವಿರದ ಮೇಲೆ ಚೂರುಪಾರು. ಶಿಫ್ಟ್, ಓಟಿ, ಇನ್ಸೆಂಟಿವ್ ಇದರ ಮೇಲೆ ಬರುತ್ತವೆ, ಆದರೆ ಪ್ರತಿ ತಿಂಗಳು ಒಂದೇ ಸಮ ಇರುವುದಿಲ್ಲ. ಮನೆ ಬಜೆಟ್ ಮಾಡುವಾಗ ಇವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಒಳ್ಳೆಯದು.

ಪ್ರಶ್ನೆ: ಕ್ವಾರ್ಟರ್ಸ್ ತಗೊಂಡರೆ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ಹೋಗುತ್ತಲ್ಲ? ಕಾರವಾರದಲ್ಲಿ ಬಾಡಿಗೆ ಮನೆ ಮಾಡಿ ಆ ದುಡ್ಡು ಉಳಿಸಬಹುದಾ?

ಉತ್ತರ: ಈ ಲೆಕ್ಕದಲ್ಲಿ ಎಡವುವವರೇ ಜಾಸ್ತಿ. ಕಾರವಾರ, ಕೈಗಾ ಟೌನ್‌ಶಿಪ್ ಇರುವ ಮಲ್ಲಾಪುರ ಎರಡೂ ಝೆಡ್ ವರ್ಗದ, ಅಂದರೆ ಎಚ್‌ಆರ್‌ಎ ದರ ಅತಿ ಕಡಿಮೆ ಇರುವ ಊರುಗಳು. ಎಚ್‌ಆರ್‌ಎ ಬೇಸಿಕ್‌ನ 10%, ಅಂದರೆ 2,170 ರೂಪಾಯಿ. ಕ್ವಾರ್ಟರ್ಸ್ ಪಡೆದರೆ ಇದು ನಿಲ್ಲುತ್ತದೆ, ಜೊತೆಗೆ ಲೈಸೆನ್ಸ್ ಫೀ ಅಂತ ಸಣ್ಣ ಮೊತ್ತ ಕಡಿತ ಆಗುತ್ತದೆ. ಕಾರವಾರದಲ್ಲಿ ಸಂಸಾರ ಇಡುವಂಥ ಮನೆ 2,170ಕ್ಕೆ ಎಲ್ಲಿ ಸಿಗುತ್ತದೆ? ಸೀಬರ್ಡ್ ನೌಕಾನೆಲೆಯವರೂ ಅದೇ ಊರಲ್ಲಿ ಮನೆ ಹುಡುಕುತ್ತಾರೆ.

ದಾರಿ ಖರ್ಚು ಬೇರೆ. ಕಾರವಾರದಿಂದ ಸ್ಥಾವರಕ್ಕೆ ರಸ್ತೆಯಲ್ಲಿ 50 ಕಿ.ಮೀ. ದಾಟುತ್ತದೆ, ಮಲ್ಲಾಪುರದ ಟೌನ್‌ಶಿಪ್‌ಗೇ ಸುಮಾರು 40. ಟೌನ್‌ಶಿಪ್‌ವರೆಗೆ ಬೈಕು, ಅಲ್ಲಿಂದ ಬಸ್ಸು ಅಂದುಕೊಂಡರೂ ದಿನಕ್ಕೆ 80 ಕಿ.ಮೀ. ತಿಂಗಳಿಗೆ 25 ದಿನ ಹಿಡಿದರೆ 2,000 ಕಿ.ಮೀ. ಲೀಟರಿಗೆ 50 ಕೊಡುವ ಬೈಕಿಗೆ 40 ಲೀಟರ್ ಪೆಟ್ರೋಲು. ಲೀಟರಿಗೆ ನೂರರ ಮೇಲೆ ಇರುವಾಗ ನಾಲ್ಕು ಸಾವಿರ ಅಲ್ಲಿಗೇ ಹೋಯ್ತು. ಟಯರು, ಚೈನ್, ಆಯಿಲ್ ಇನ್ನೂ ಸೇರಿಸಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕದ್ರಾ ಕಡೆಯ ಮಳೆಯಲ್ಲಿ, ರಾತ್ರಿ ಶಿಫ್ಟ್ ಮುಗಿಸಿ ಬೈಕ್ ಓಡಿಸುವುದು ದುಡ್ಡಿನ ಪ್ರಶ್ನೆಯೂ ಅಲ್ಲ.

ಹಾಗಾಗಿ ಕ್ವಾರ್ಟರ್ಸ್ ಸಿಕ್ಕಿದರೆ ತಗೊಳ್ಳಿ. ಹೆಂಡತಿಗೆ ಕಾರವಾರದಲ್ಲಿ ನೌಕರಿ ಇದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ.

ಪ್ರಶ್ನೆ: ದಿನಸಿ, ತರಕಾರಿ, ಮಕ್ಕಳ ಶಾಲೆ ಹೇಗೆ?

ಉತ್ತರ (ಇನ್ನೊಬ್ಬರು): ಟೌನ್‌ಶಿಪ್‌ನಲ್ಲಿ ಅಣುಶಕ್ತಿ ಕೇಂದ್ರೀಯ ಶಾಲೆ ಇದೆ, ಆಸ್ಪತ್ರೆ ಇದೆ. ದೊಡ್ಡ ಊರಲ್ಲಿ ಸಂಬಳ ತಿನ್ನುವ ಎರಡು ಬಾಬತ್ತು ಇಲ್ಲಿ ಹಗುರ. ಆದರೆ ಕಾಡಿನ ಮಧ್ಯದ ಊರು, ಆಯ್ಕೆ ಕಡಿಮೆ. ಬಟ್ಟೆ, ಪಾತ್ರೆ, ಮಿಕ್ಸಿ ರಿಪೇರಿ ಅಂತ ಕಾರವಾರಕ್ಕೆ ಹೋದ ದಿನ ಎರಡು ತಿಂಗಳ ಖರೀದಿ ಒಟ್ಟಿಗೇ ಆಗಿಬಿಡುತ್ತದೆ, ಆ ತಿಂಗಳ ಲೆಕ್ಕ ಹಳ್ಳ ಹಿಡಿಯುತ್ತದೆ.

ಮೀನು ತಿನ್ನುವವರಾದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುತ್ತದೆ. ಬಂಗಡೆಯ ದರ ಆಗ ಕೇಳಬೇಡಿ. ಮಳೆಗಾಲದ ಇನ್ನೊಂದು ಖರ್ಚನ್ನು ಹೊಸಬರು ಎಣಿಸುವುದೇ ಇಲ್ಲ: ಬೂಷ್ಟು. ಚರ್ಮದ ಶೂ, ಬೆಲ್ಟು, ಪ್ಲೈವುಡ್ ಕಪಾಟಿನ ಹಿಂಬದಿ, ಗೋಡೆಗೆ ಒತ್ತಿಟ್ಟ ಹಾಸಿಗೆ ಎಲ್ಲ ಹಿಡಿಯುತ್ತದೆ. ಕಪಾಟು ಕೊಳ್ಳುವುದಾದರೆ ಕಬ್ಬಿಣದ್ದು ಕೊಳ್ಳಿ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಇಡಿ. ಸರ್ಟಿಫಿಕೇಟ್‌ಗಳು ಪ್ಲಾಸ್ಟಿಕ್ ಫೈಲಿನಲ್ಲಿರಲಿ.

ಹೊರಗೆ ಬಾಡಿಗೆಗೆ ಇರುವವರು ಹೆಸ್ಕಾಂ ಬಿಲ್ಲಿನ ಆರ್.ಆರ್. ನಂಬರ್‌ಗೆ ತಮ್ಮ ಆಧಾರ್ ಜೋಡಿಸಿ ಗೃಹಜ್ಯೋತಿಗೆ ನೋಂದಾಯಿಸಬಹುದು. ಹಿಂದಿನ ಬಾಡಿಗೆದಾರರ ಆಧಾರ್ ಅದೇ ನಂಬರ್‌ಗೆ ಅಂಟಿಕೊಂಡಿದ್ದರೆ ಮೊದಲು ಅದನ್ನು ತೆಗೆಸಬೇಕು. ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಅಲ್ಲೇ.

ಪ್ರಶ್ನೆ: ನನ್ನ ತಮ್ಮ ಶಟ್‌ಡೌನ್ (ರಿಯಾಕ್ಟರ್ ನಿಲ್ಲಿಸಿ ಮಾಡುವ ರಿಪೇರಿ) ಕೆಲಸಕ್ಕೆ ಕಂಟ್ರಾಕ್ಟರ್ ಮೂಲಕ ಹೋಗ್ತಾನಂತೆ. ಡೋಸ್ (ಮೈಗೆ ತಗಲುವ ವಿಕಿರಣ) ಹೆಚ್ಚು ಇರೋ ಕಡೆ ಸಂಬಳ ಹೆಚ್ಚಂತೆ, ಹೌದಾ?

ಉತ್ತರ: ಡೋಸ್ ನೋಡಿ ಸಂಬಳ ಏರುವುದಿಲ್ಲ. ನಡೆಯುವುದು ಅದರ ಉಲ್ಟಾ. ಅಣುಶಕ್ತಿ ನಿಯಂತ್ರಣ ಮಂಡಳಿ (ಎಇಆರ್‌ಬಿ) ಹಾಕಿದ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಡೋಸ್ ಅಳೆಯುವ ಮಾನ), ಯಾವ ಒಂದು ವರ್ಷದಲ್ಲೂ 30 ದಾಟುವಂತಿಲ್ಲ. ಮೈಮೇಲೆ ಧರಿಸುವ, ಡೋಸ್ ಅಳೆಯುವ ಟಿಎಲ್‌ಡಿ ಬ್ಯಾಡ್ಜ್‌ನ ಲೆಕ್ಕ ಮಿತಿಯ ಹತ್ತಿರ ಬಂದವರನ್ನು ವಿಕಿರಣ ಇರುವ ಜಾಗಕ್ಕೆ ಬಿಡುವುದಿಲ್ಲ. ಕಾಯಂ ನೌಕರನನ್ನು ಬೇರೆ ಕೆಲಸಕ್ಕೆ ಹಾಕುತ್ತಾರೆ, ಸಂಬಳ ನಡೆಯುತ್ತದೆ. ದಿನಗೂಲಿಯವನಿಗೆ ಕೆಲಸದ ದಿನಗಳೇ ಕಡಿಮೆ ಆಗಬಹುದು. ಬ್ಯಾಡ್ಜನ್ನು ಎಲ್ಲೋ ತೆಗೆದಿಟ್ಟು ಒಳಗೆ ಹೋಗುವ ಬುದ್ಧಿವಂತಿಕೆಗೆ ಯಾರಾದರೂ ಹುರಿದುಂಬಿಸಿದರೆ ಕಿವಿಗೊಡಬಾರದು. ಕೈಗಾದ್ದು ಭಾರಜಲದ ರಿಯಾಕ್ಟರ್, ಟ್ರಿಟಿಯಮ್ (ವಿಕಿರಣ ಸೂಸುವ ಜಲಜನಕ) ದೇಹದೊಳಗೆ ಹೋಗಿದೆಯೇ ಅಂತ ಮೂತ್ರದ ಮಾದರಿಯಲ್ಲೂ ನೋಡುತ್ತಾರೆ. ಆ ಮಾದರಿ ಕೊಡುವುದನ್ನೂ ತಪ್ಪಿಸಬಾರದು.

ತಮ್ಮ ಸೇರುವ ಮುಂಚೆ ಕೇಳಬೇಕಾದ್ದು ಬೇರೆ. ಕೂಲಿ ಯಾವ ವರ್ಗದಲ್ಲಿ? ಐಟಿಐ ಫಿಟ್ಟರ್ ಕೆಲಸ ಮಾಡಿಸಿಕೊಂಡು ಅರೆಕುಶಲ ಅಂತ ಬರೆದರೆ ದಿನಗೂಲಿಯಲ್ಲೇ ನಷ್ಟ. ಕೇಂದ್ರದ ಕನಿಷ್ಠ ಕೂಲಿಯ ವಿಡಿಎ (ಬೆಲೆಯೇರಿಕೆಗೆ ತಕ್ಕಂತೆ ಬದಲಾಗುವ ತುಟ್ಟಿಭತ್ಯೆ) ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಪರಿಷ್ಕರಣೆ ಆಗುತ್ತದೆ, ಪೇ ಸ್ಲಿಪ್‌ನಲ್ಲಿ ಅದು ಏರಿದೆಯೇ ನೋಡಲಿ. ಪಿಎಫ್ ಕಡಿತ ಸ್ಲಿಪ್‌ನಲ್ಲಿ ಇದ್ದರೆ ಸಾಲದು, ಉಮಂಗ್ ಆ್ಯಪ್‌ನ ಪಾಸ್‌ಬುಕ್‌ನಲ್ಲಿ ಜಮೆ ಕಾಣಬೇಕು. ಓಟಿಗೆ ದುಪ್ಪಟ್ಟು ದರ.

ಪ್ರಶ್ನೆ: ಇಂಕ್ರಿಮೆಂಟ್, ಪ್ರಮೋಷನ್ ಲೆಕ್ಕ ಸ್ವಲ್ಪ ಹೇಳಿ ಸರ್.

ಉತ್ತರ: ಮುಂದಿನ ಮೆಟ್ಟಿಲು 22,400. ಬೇಸಿಕ್ 700 ಏರಿದರೂ 58% ಡಿಎ ಸೇರಿ 1,106 ಆಗುತ್ತದೆ. ಇಂಕ್ರಿಮೆಂಟ್ ಜನವರಿ 1 ಅಥವಾ ಜುಲೈ 1ಕ್ಕೆ. ಜುಲೈ 1ರೊಳಗೆ ಟೆಕ್ನಿಷಿಯನ್-ಬಿ ಆದವರಿಗೆ ಮುಂದಿನ ಜನವರಿ, ಜುಲೈ 2ರಿಂದ ಆಚೆ ಆದವರಿಗೆ ಮುಂದಿನ ಜುಲೈ. ಟೆಕ್ನಿಷಿಯನ್-ಸಿ ಲೆವೆಲ್ 4, ಬೇಸಿಕ್ ಶುರುವಾಗುವುದೇ 25,500ರಿಂದ. ಡಿ ಆದರೆ ಲೆವೆಲ್ 5, 29,200. ಬಡ್ತಿ ಖಾಲಿ ಹುದ್ದೆಗೆ ಕಾಯುವಂಥದ್ದಲ್ಲ, ಅರ್ಹತೆ ನೋಡಿ ಕೊಡುವಂಥದ್ದು. ಆದ್ದರಿಂದ ವಾರ್ಷಿಕ ವರದಿ ಕೆಡಿಸಿಕೊಳ್ಳಬೇಡಿ. ಎಂಟನೇ ವೇತನ ಆಯೋಗದ ದುಡ್ಡು ನಂಬಿ ಈಗಲೇ ಕಾರಿನ ಕಂತು ಕಟ್ಟಲು ಹೊರಡಬೇಡಿ.

ಅರ್ಜಿ ಹಾಕುವ ಮುಂಚೆ ಇಷ್ಟು ನೋಡಿಕೊಳ್ಳಿ: ಹತ್ತನೇ ತರಗತಿಯಲ್ಲಿ ವಿಜ್ಞಾನ, ಗಣಿತ ಎರಡರಲ್ಲೂ ಬೇರೆ ಬೇರೆಯಾಗಿ 50% ಇರಬೇಕು. ಎತ್ತರ 160 ಸೆಂ.ಮೀ., ತೂಕ 45.5 ಕೆ.ಜಿ.ಗೆ ಕಡಿಮೆ ಇರಬಾರದು. ಆಯ್ಕೆಯಾದರೆ ಮೊದಲ ಸ್ಟೈಪೆಂಡ್ ಬರುವವರೆಗೆ ಊಟ, ಓಡಾಟಕ್ಕೆ ಒಂದೂವರೆ ತಿಂಗಳ ಖರ್ಚು ಕೈಯಲ್ಲಿ ಇಟ್ಟುಕೊಂಡೇ ಹೊರಡಿ.