ರೈಡರ್ ಪದೇ ಪದೇ ಔಟ್: ತಪ್ಪು ಅವನದೋ, ಡಿಫೆನ್ಸಿಂದೋ?

ಕೊಪ್ಪಳ_ಮ್ಯಾಟ್:
ನಮ್ಮ ಕಾಲೇಜು ಕಬಡ್ಡಿ ಟೀಮಿನ ಮೇನ್ ರೈಡರ್ ವಿಚಾರ ರೀ. ಅಂತರ ಕಾಲೇಜು ಮ್ಯಾಚಿನ ವಿಡಿಯೋ ಹಚ್ಚಿ ಎಣಿಸೀನಿ: 18 ರೈಡ್. 4 ಟಚ್, 2 ಬೋನಸ್ (ಬೋನಸ್ ಗೆರೆ ದಾಟಿ ತಂದ ಪಾಯಿಂಟ್), 7 ಖಾಲಿ (ಪಾಯಿಂಟೂ ಇಲ್ಲ, ಔಟೂ ಇಲ್ಲ), 5 ಸಲ ಸಿಕ್ಕಾನ. ಅವನ್ನ ಕೂಡ್ರಿಸ್ರಿ ಅಂತ ಒಂದು ಗುಂಪು ಗಂಟುಬಿದ್ದೈತಿ. ಆದ್ರ ಡಿಫೆನ್ಸಿನವ್ರು 14 ಸಲ ಕೈ ಹಾಕಿ ಹಿಡಿದಿದ್ದು ಬರೇ 3. ಯಾರ ತಪ್ಪು ಎಷ್ಟು ಅಂತ ಬ್ಯಾರೆ ಮಾಡೋದು ಹೆಂಗ?

ಸಿರುಗುಪ್ಪ_ಕವರ್:
ಮೊದಲು ಬೆಂಚಿನ ಲೆಕ್ಕ ತೆಗೀರಿ, ರೈಡಿನದು ಆಮೇಲೆ. ಅವನು ಔಟಾದ ಟೈಮು, ತಿರುಗಿ ಒಳಗೆ ಬಂದ ಟೈಮು, ಎರಡೂ ಬರ್ಕೊಳ್ರಿ. ಹೊರಗೆ ಹೋದೋನು ತಾನಾಗಿ ಬರಂಗಿಲ್ಲ. ನಮ್ಮೋರು ಯಾರಾದ್ರೂ ಟಚ್ ತರಬೇಕು, ಇಲ್ಲ ಅವರ ರೈಡರನ್ನ ಹಿಡೀಬೇಕು. ಬೋನಸ್ಸಿಗೆ ಪಾಯಿಂಟ್ ಬರುತ್ತೆ, ಆಳು ಬರಂಗಿಲ್ಲ.

ಇನ್ನೊಂದು ಐತೆ. ಮೊದಲು ಔಟಾದೋನೇ ಮೊದಲು ಒಳಗೆ ಬರೋದು. ಎಡ ಕಾರ್ನರ್ (ಎಡ ತುದಿಗೆ ನಿಲ್ಲೋ ಡಿಫೆಂಡರ್) ಸುಮ್ಮನೆ ಹಿಂದಿನ ಗೆರೆ ತುಳಿದು ಔಟಾದ ಅಂತಿಟ್ಕೊಳ್ರಿ, ಅದರ ಹಿಂದೇನೇ ನಿಮ್ಮ ರೈಡರ್ ಸಿಕ್ಕ. ಈಗ ಒಂದು ಕ್ಯಾಚ್ ಬಂದ್ರೂ ಒಳಗೆ ಬರೋನು ಕಾರ್ನರ್. ರೈಡರಿಗೆ ಇನ್ನೊಂದು ಬೇಕು. ಗೆರೆ ತುಳಿದ ಆ ಒಂದು ಕಾಲಿಂದ ಎರಡು ಮೂರು ನಿಮಿಷ ಹೋಯ್ತು, ಸ್ಕೋರ್‌ಶೀಟಿನಾಗೆ ಮಾತ್ರ ರೈಡರ್ ಹೆಸರು ಕೆಟ್ಟಿರುತ್ತೆ.

2019ರ ಪ್ರೊ ಕಬಡ್ಡಿಯಾಗೆ ಬೆಂಗಳೂರು ಬುಲ್ಸ್ ರೈಡರ್ ಪವನ್ ಸೆಹ್ರಾವತ್ ಹರಿಯಾಣ ಸ್ಟೀಲರ್ಸ್ ಮೇಲೆ 39 ಪಾಯಿಂಟ್ ತಂದಿದ್ದು ಎಲ್ಲರಿಗೂ ಬಾಯಿಪಾಠ. ಅವತ್ತು ಅವನು ಎಷ್ಟು ಹೊತ್ತು ಮ್ಯಾಟ್ ಮೇಲಿದ್ದ ಅಂತ ಯಾರೂ ಕೇಳಂಗಿಲ್ಲ!

ರಾಯಚೂರು_ಬೋನಸ್:
ಕವರ್ ಅಣ್ಣ ಹೇಳಿದ್ದು ಖರೆ, ಆದ್ರ ರೈಡರನ್ನ ಪೂರಾ ಬಿಟ್ಟು ಕೊಡಬ್ಯಾಡ್ರಿ. ಆ 5 ಔಟನ್ನ ಒಂದೊಂದಾಗಿ ನೋಡ್ರಿ. ಎದುರಿಗೆ ಎಷ್ಟು ಮಂದಿ ಇದ್ರು, ಎಷ್ಟನೇ ಸೆಕೆಂಡಿಗೆ ಸಿಕ್ಕ, ಯಾವ ಹಿಡಿತ.

ಎದುರಿಗೆ 6–7 ಮಂದಿ ಇದ್ದಾಗ ಬೋನಸ್ ತೆರೆದಿರ್ತೈತಿ. ನಡುಗೆರೆಯಿಂದ ಬಾಕ್ ಲೈನ್ (ರೈಡರ್ ದಾಟಲೇಬೇಕಾದ ಗೆರೆ) 3.75 ಮೀಟರ್, ಅಲ್ಲಿಂದ 1 ಮೀಟರ್ ಆಚೆ ಬೋನಸ್ ಲೈನ್. ಮುಂದಿನ ಕಾಲು ಗೆರೆ ದಾಟಿಸಿ, ಹಿಂದಿನ ಕಾಲು ಎತ್ತಿ, ಅಲ್ಲೇ ಅರೆಗಳಿಗೆ ನಿಂತ ಅಂದ್ರ ಕಾರ್ನರ್ ಆಂಕಲ್ ಹೋಲ್ಡ್ (ಪಾದದ ಗಂಟಿನ ಹಿಡಿತ) ಹಾಕೇ ಹಾಕ್ತಾನ. 8–10ನೇ ಸೆಕೆಂಡಿಗೆ ಹಿಂಗ ಸಿಕ್ಕಿದ್ದು ರೈಡರಂದೇ ತಪ್ಪು, ಅದನ್ನ ಅವನ ಖಾತೆಗೇ ಬರೀರಿ.

30 ಸೆಕೆಂಡಿನ ರೈಡಿನಾಗ 28ನೇ ಸೆಕೆಂಡಿಗೆ ಸಿಕ್ಕಿದ್ದು ಬ್ಯಾರೆ. ಅದು ಡೂ ಆರ್ ಡೈ ಇರಬಹುದು. ಟೀಮಿನ ಎರಡು ರೈಡ್ ಸಾಲಾಗಿ ಖಾಲಿ ಹೋದ್ರ ಮೂರನೇದಕ್ಕ ಪಾಯಿಂಟ್ ತರಲೇಬೇಕು, ಇಲ್ಲಂದ್ರ ಔಟ್. ಎದುರಿನವ್ರಿಗೂ ಅದು ಗೊತ್ತಿರ್ತೈತಿ, ಆಳಕ್ಕ ಸರಿದು ಕಾಯ್ತಾರ. ಮೊದಲಿನ ಎರಡು ಖಾಲಿ ಯಾರು ಮಾಡಿದ್ರು ಅಂತ ಕೇಳ್ರಿ. ಎರಡನೇ ರೈಡರ್ ಬಾಕ್ ಲೈನ್ ದಾಟಿ ಸುಮ್ಮನೆ ವಾಪಸ್ ಬಂದು, ಸಾಯೋ ರೈಡ್ ಇವನಿಗೆ ಹಚ್ಚಿದ್ರ ಅದು ಇವನ ಸೋಲಲ್ಲ.

ಸಿರುಗುಪ್ಪ_ಕವರ್:
ಡಿಫೆನ್ಸಿನ 11 ಫೇಲ್ ಐತಲ್ಲ, ಅದನ್ನ ಮೊಬೈಲಿನಾಗೆ 0.25 ಸ್ಪೀಡಿಗೆ ಇಟ್ಟು ನೋಡ್ರಿ. ಕಾರ್ನರ್ ಕೈ ಕಾಲಿಗೆ ತಾಕಿದ ಫ್ರೇಮಿನಾಗೆ ನಿಲ್ಲಿಸಿ, ಪಕ್ಕದ ಕವರ್ (ಕಾರ್ನರಿನ ನೆರವಿಗೆ ಬರೋ ಡಿಫೆಂಡರ್) ಎಲ್ಲಿದ್ದಾನೆ ನೋಡ್ರಿ. ಒಂದು ಹೆಜ್ಜೆ ದೂರ ಇದ್ರೆ ಸರಿ. ಎರಡು ಮೂರು ಹೆಜ್ಜೆ ಆದ್ರೆ ಕಾರ್ನರ್ ಒಬ್ಬನೇ ಜೋತುಬಿದ್ದಿರ್ತಾನೆ, ರೈಡರ್ ಅವನನ್ನ ಎಳಕೊಂಡೇ ನಡುಗೆರೆ ಮುಟ್ತಾನೆ. ಅದು ಕವರಿನ ತಪ್ಪು. ರೈಡರ್ ಇನ್ನೂ ಬಾಕ್ ಲೈನ್ ಹತ್ರ ಕಾಲಾಡಿಸ್ತಿರುವಾಗಲೇ ಕಾರ್ನರ್ ಹಾರಿದ್ರೆ ಅದು ಅವಸರ, ಕವರನ್ನ ಬೈಯೋ ಹಂಗಿಲ್ಲ. ಟಚ್ ಇಲ್ಲದೆ ಲಾಬಿಗೆ (ಅಂಕಣದ ಎರಡೂ ಬದಿಯ ಪಟ್ಟಿಗೆ) ಕಾಲಿಟ್ಟು ಔಟಾಗಿದ್ದನ್ನ ಇದರಾಗೆ ಸೇರಿಸಬೇಡ್ರಿ, ಅದಕ್ಕೆ ಬೇರೆ ಸಾಲು ಹಾಕ್ರಿ.

ಕೊಪ್ಪಳ_ಮ್ಯಾಟ್:
ಮತ್ತೆ ಎಣಿಸಿದೆ ರೀ. 5 ಔಟಿನಾಗ 3 ಡೂ ಆರ್ ಡೈ, 1 ಬೋನಸ್ ಕಾಲು, 1 ಎದುರಿಗೆ ಮೂವರಿದ್ದಾಗ. 40 ನಿಮಿಷದಾಗ 14 ನಿಮಿಷ ಹೊರಗ. ಡಿಫೆನ್ಸಿನ 11ರಾಗ 7 ಸಲ ಕವರ್ ತಡ, 4 ಸಲ ಕಾರ್ನರ್ ಅವಸರ.

ರಾಯಚೂರು_ಬೋನಸ್:
ಮೂವರಿದ್ದಾಗ ಸಿಕ್ಕಿದ್ದು ತುಟ್ಟಿ ಆತು, ಸೂಪರ್ ಟ್ಯಾಕಲ್ ಅಂತ ಅವರಿಗೆ 2 ಪಾಯಿಂಟ್. ಡೂ ಆರ್ ಡೈ ಇರಲಿಲ್ಲ ಅಂದ್ರ ಅಲ್ಲಿ ಖಾಲಿ ಬಂದಿದ್ರೂ ನಡೀತಿತ್ತು. ಅದು, ಬೋನಸ್ ಕಾಲು, ಎರಡೇ ಅವನ ಲೆಕ್ಕಕ್ಕ. ಮೂರನೇ ರೈಡ್ ಯಾವಾಗಲೂ ಅವನಿಗೇ ಹಚ್ಚೋದು ನಿಲ್ಲಿಸ್ರಿ. ಎದುರಿಗೆ 7 ಮಂದಿ ಇದ್ದಾಗ ಮೊದಲನೇ ರೈಡಿಗೇ ಅವನ್ನ ಬಿಡ್ರಿ.

ಸಿರುಗುಪ್ಪ_ಕವರ್:
ಪ್ರಾಕ್ಟೀಸಿಗೆ ಕಾರ್ನರ್, ಕವರ್, ಒಬ್ಬ ರೈಡರ್, ಮೂವರೇ ಸಾಕು. ರೈಡರನ್ನ ಬೋನಸ್ ಲೈನ್ ಮೇಲೆ ನಿಲ್ಲಿಸಿ ಕಾರ್ನರಿಗೆ ಆಂಕಲ್ ಕೊಟ್ಟೇಬಿಡ್ರಿ. ರೈಡರ್ ಎರಡನೇ ಹೆಜ್ಜೆ ಊರೋದ್ರೊಳಗೆ ಕವರ್ ಬಂದು ಸೊಂಟಕ್ಕೆ ಬ್ಲಾಕ್ ಹಾಕಬೇಕು. ಎಡಕ್ಕೆ 20, ಬಲಕ್ಕೆ 20. ಮ್ಯಾಟ್ ಮೇಲೇ ಮಾಡ್ರಿ, ಎರೆಮಣ್ಣಿನ ಅಂಕಣದಾಗೆ ಕಾಲು ಜಾರಿ ಟೈಮಿಂಗ್ ಗೊತ್ತಾಗಂಗಿಲ್ಲ.