ಉಪ್ಪುನೀರಿನ ತೊಟ್ಟಿಯಲ್ಲಿ ಹಾವಸೆ: ದಯವಿಟ್ಟು ಮೈಲುತುತ್ತ ಹಾಕಬೇಡಿ

ಸಾಗರದಿಂದ ಪ್ರಶ್ನೆ: ಸರ್, ಅಣ್ಣನ 300 ಲೀಟರ್ ರೀಫ್ ಟ್ಯಾಂಕ್, ಅಂದರೆ ಹವಳ, ಸಮುದ್ರದ ಮೀನು ಸಾಕುವ ಉಪ್ಪುನೀರಿನ ತೊಟ್ಟಿ. ಅವನು ಊರು ಬಿಟ್ಟು ಐದು ತಿಂಗಳಾಯ್ತು. ಅಮ್ಮ ಪ್ರೀತಿಯಿಂದ ದಿನಕ್ಕೆ ಮೂರು ಹೊತ್ತು ಊಟ ಹಾಕಿದ್ದಾರೆ, ನೀರು ಬದಲಿಸಿಲ್ಲ. ಈಗ ಕಲ್ಲಿನ ಮೇಲೆಲ್ಲ ಹಸಿರು ಕೂದಲಿನ ಥರ ಪಾಚಿ. ಎರಡು ಕ್ಲೌನ್ ಮೀನು, ಒಂದು ಮೆತ್ತನೆ ಹವಳ ಉಳಿದಿವೆ. ನೈಟ್ರೇಟ್ ಟೆಸ್ಟ್ ಮಾಡಿದರೆ ಸೊನ್ನೆ ಬರುತ್ತಿದೆ. ಯಾವ ಔಷಧಿ ಹಾಕಲಿ?

ಉತ್ತರ: ಔಷಧಿ ಬೇಡ. ಆ ಸೊನ್ನೆಯನ್ನೂ ನಂಬಬೇಡಿ. ಊಟ, ಗಲೀಜು ಕೊಳೆತು ಬಂದ ನೈಟ್ರೇಟನ್ನೆಲ್ಲ ಪಾಚಿ ಆಗಿಂದಾಗಲೇ ತಿನ್ನುತ್ತಿದೆ, ಟೆಸ್ಟ್‌ಗೆ ಏನೂ ಉಳಿಯುತ್ತಿಲ್ಲ, ಅಷ್ಟೇ. ಮೊದಲು ಕೈಯಿಂದ ಕಿತ್ತು, ಹಳೆ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ, ಪೈಪಿನಿಂದ ಹೊರಗೆ ಎಳೆಯಿರಿ. ಒಂದೇ ದಿನ ಎಲ್ಲ ಬೇಡ, ಒಂದೊಂದು ಕಲ್ಲು. ಕಿತ್ತದ್ದು ಒಳಗೇ ಕೊಳೆತರೆ ಆಮ್ಲಜನಕ ಇಳಿದು ಮೀನು ಸಾಯುತ್ತದೆ. ವಾರಕ್ಕೆ 40 ಲೀಟರ್ ನೀರು ಬದಲಿಸಿ. ಆರ್‌ಓ ಡಿಐ ನೀರಿಗೆ (ಕರಗಿದ ಲವಣಗಳನ್ನೆಲ್ಲ ಸೋಸಿ ತೆಗೆದ ನೀರು) ಸಮುದ್ರದ ತೊಟ್ಟಿಯ ಉಪ್ಪು ಕಲಸಿ, ಸಾಂದ್ರತೆ 1.025. ಊಟ ದಿನಕ್ಕೆ ಒಂದೇ ಸಲ, ಎರಡು ನಿಮಿಷದಲ್ಲಿ ಮುಗಿಯುವಷ್ಟು. ದೀಪ 7 ಗಂಟೆ ಸಾಕು. ನೊರೆಯ ಜೊತೆ ಕೊಳೆ ಹೊರತೆಗೆಯುವ ಸ್ಕಿಮ್ಮರ್ ತೊಳೆಯಿರಿ. ಎರಡು ತಿಂಗಳು ಬೇಕು. ಅಮ್ಮನಿಗೆ ಬೈಯಬೇಡಿ.

ಭದ್ರಾವತಿಯಿಂದ: ನನ್ನ ಹತ್ತಿರ ಒಂದು ಮೆಸೇಜ್ ಇದೆ. ‘ಒಂದು ಚಿಟಿಕೆ ಮೈಲುತುತ್ತ ಹಾಕಿ, ಮೂರೇ ದಿನದಲ್ಲಿ ಪಾಚಿ ಮಾಯ.’ ತುಂಬ ಜನ ಕಳಿಸಿದ್ದಾರೆ.

ಉತ್ತರ: ಹಾಕಬೇಡಿ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಯಾರಿಗೂ ಕಳಿಸಬೇಡಿ.

ಹೊಸನಗರದಿಂದ ಪ್ರಶ್ನೆ: ನಲ್ಲಿ ನೀರಿಗೆ ಉಪ್ಪು ಕಲಸಿದರೆ ಆಗಲ್ವಾ? ‘ಗಂಗಾ ಸ್ನಾನ, ತುಂಗಾ ಪಾನ’ ಅಂತಾರೆ. ಅಂಥ ನೀರಿನಲ್ಲಿ ಏನು ದೋಷ?

ಉತ್ತರ: ಕುಡಿಯಲು ದೋಷವಿಲ್ಲ. ಆದರೆ ಪಾಚಿಗೆ ಫಾಸ್ಫೇಟ್, ಸಿಲಿಕೇಟ್ ಚೂರೇ ಚೂರು ಸಾಕು. ತೊಟ್ಟಿಯಿಂದ ನೀರು ಆವಿಯಾಗುತ್ತದೆ, ಅವು ಆಗುವುದಿಲ್ಲ. ದಿನಾ ಸುರಿದಷ್ಟೂ ಸೇರುತ್ತ ಹೋಗುತ್ತವೆ.

ಹೊಸನಗರದಿಂದ: ಹಾಗಾದರೆ ಹೊನ್ನಾವರದಿಂದ ಸಮುದ್ರದ ನೀರನ್ನೇ ಕ್ಯಾನಿನಲ್ಲಿ ತರುತ್ತೇನೆ. ಘಟ್ಟ ಇಳಿದರೆ ಸಿಕ್ಕಿತು. ನೇತ್ರಾಣಿ ದ್ವೀಪದ ಕಡೆಯಿಂದ ಒಂದೆರಡು ಹವಳದ ಕಲ್ಲೂ ತರಿಸಬಹುದು.

ಉತ್ತರ: ಮಳೆಗಾಲದಲ್ಲಿ ಹೊನ್ನಾವರದ ದಡದಲ್ಲಿ ಸಿಗುವುದು ಅರ್ಧ ಶರಾವತಿ. ಉಪ್ಪು ಕಡಿಮೆ, ಮಣ್ಣು ಜಾಸ್ತಿ. ಹವಳದ ಕಲ್ಲಿನ ಮಾತು ಇಲ್ಲಿಗೇ ಬಿಡಿ. ಗಟ್ಟಿ ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಯಲ್ಲಿದೆ. ಹುಲಿಯೂ ಅದೇ ಪಟ್ಟಿಯಲ್ಲಿದೆ. ಸಮುದ್ರದಿಂದ ಕಿತ್ತು ತಂದದ್ದನ್ನು ಉಳಿಸಲು ನಾನು ಸಹಾಯ ಮಾಡುವುದಿಲ್ಲ.

ಶಿಕಾರಿಪುರದಿಂದ ಪ್ರಶ್ನೆ: ನೀಲಿ ಲೈಟ್ ಜಾಸ್ತಿ ಇಡಬೇಕಾ, ಬಿಳಿ ಜಾಸ್ತಿ ಇಡಬೇಕಾ?

ತೀರ್ಥಹಳ್ಳಿಯಿಂದ ಪ್ರಶ್ನೆ: ಸರ್, 200 ಲೀಟರ್ ತೊಟ್ಟಿ. ಸ್ವಲ್ಪ ಪಾಚಿ ಇತ್ತು, ಅದಕ್ಕೇ ಎಂಟು ಬಸವನಹುಳ ಬಿಟ್ಟೆ. ಹದಿನೈದು ದಿನದಲ್ಲಿ ಆರು ಗಾಜಿನಿಂದ ಕಳಚಿ ಬಿದ್ದು ಸತ್ತವು. ನಿನ್ನೆ ಒಂದು ಸಿಗಡಿ ಹೋಯಿತು. ಮೀನುಗಳು ಚೆನ್ನಾಗಿವೆ, ಊಟ ತಿನ್ನುತ್ತಿವೆ. ಈಚೆಗೆ ಮಳೆ ನೀರು ಹಿಡಿದು ಬಳಸುತ್ತಿದ್ದೇನೆ, ಬೇರೆ ಏನೂ ಬದಲಿಸಿಲ್ಲ.

ಉತ್ತರ: ಮಳೆ ನೀರು ಯಾವುದರಲ್ಲಿ ಹಿಡಿಯುತ್ತೀರಿ?

ತೀರ್ಥಹಳ್ಳಿಯಿಂದ: ಪ್ಲಾಸ್ಟಿಕ್ ಡ್ರಮ್. ಮೊದಲು ತೋಟಕ್ಕೆ ಔಷಧಿ ಕಲಸುತ್ತಿದ್ದೆವು. ಚೆನ್ನಾಗಿ ತೊಳೆದಿದ್ದೇನೆ.

ಉತ್ತರ: ನಾನು ಹೆದರಿದ್ದು ಇದಕ್ಕೇ. ದಯವಿಟ್ಟು ಪೂರ್ತಿ ಓದಿ.

ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮೈಲುತುತ್ತದ ಕಾಲು ಭಾಗ ತಾಮ್ರ. ರೋಗ ಬಂದ ಸಮುದ್ರದ ಮೀನಿಗೆ ಬೇರೆ ತೊಟ್ಟಿಯಲ್ಲಿ ಲೀಟರಿಗೆ ಸುಮಾರು 0.2 ಮಿಲಿಗ್ರಾಂ ತಾಮ್ರ ಕೊಡುತ್ತಾರೆ, ಮೀನು ತಡೆಯುತ್ತದೆ. ಬಸವನಹುಳ, ಸಿಗಡಿ, ಹವಳ ತಡೆಯುವುದಿಲ್ಲ. ನಿಮ್ಮ 200 ಲೀಟರಿಗೆ ಆ ಮಟ್ಟ ಬರಲು 160 ಮಿಲಿಗ್ರಾಂ ಮೈಲುತುತ್ತ ಸಾಕು. ಚಿಟಿಕೆಗಿಂತ ಕಡಿಮೆ! ಡ್ರಮ್ಮಿನ ತಳದಲ್ಲಿ, ಮುಚ್ಚಳದ ತಿರುಪಿನಲ್ಲಿ ನೀಲಿ ಕಲೆ ಇದೆಯಾ ನೋಡಿ. ಮೀನು ಚೆನ್ನಾಗಿದ್ದು ಹುಳ ಮಾತ್ರ ಸಾಯುವುದು ತಾಮ್ರದ ಗುರುತು. ಬೇರೆ ಕಾರಣವೂ ಇರಬಹುದು, ಆದರೆ ನಾನು ಮೊದಲು ನೋಡುವುದು ಇದನ್ನೇ.

ಆ ಡ್ರಮ್ಮಿನ ನೀರು ಇವತ್ತೇ ನಿಲ್ಲಿಸಿ. ಉಪ್ಪುನೀರಿಗೆ ಆಗುವ ತಾಮ್ರದ ಟೆಸ್ಟ್ ಕಿಟ್ ತರಿಸಿ. ಹೊಸ ಆ್ಯಕ್ಟಿವೇಟೆಡ್ ಕಾರ್ಬನ್ ಹಾಕಿ, ತಾಮ್ರ ಹೀರುವ ಕ್ಯೂಪ್ರಿಸಾರ್ಬ್ ಸಿಕ್ಕರೆ ಇನ್ನೂ ಒಳ್ಳೆಯದು. ಒಳ್ಳೆ ನೀರಿನಿಂದ ದಿನ ಬಿಟ್ಟು ದಿನ 30 ಲೀಟರ್ ಬದಲಿಸಿ. ಕಲ್ಲು, ಮರಳು ತಾಮ್ರ ಹೀರಿಕೊಂಡು ಆಮೇಲೆ ನಿಧಾನಕ್ಕೆ ಬಿಡುತ್ತವೆ. ಹಾಗಾಗಿ ಒಂದು ಸಲ ಟೆಸ್ಟ್ ಸರಿ ಬಂತು ಅಂತ ಹೊಸ ಹುಳ ತರಬೇಡಿ. ಇನ್ನೊಂದು ಮಾತು. ಔಷಧಿ ಹೊಡೆದ ದಿನ ತೊಟ್ಟಿಗೆ ಕೈ ಹಾಕಲೇಬೇಡಿ.

ಕೊಪ್ಪದಿಂದ: ನಾವು ತೋಟದ ಕೆರೆಗೆ ಮೈಲುತುತ್ತ ಹಾಕಿಯೇ ಪಾಚಿ ತೆಗೆದಿದ್ದೇವೆ. ಮೀನು ಸತ್ತಿಲ್ಲ. ಸುಮ್ನೆ ಹೆದರಿಸುತ್ತೀರಿ.

ಶಿವಮೊಗ್ಗದಿಂದ: ಕೆರೆಯಲ್ಲಿ ಹವಳ ಇತ್ತಾ? ಮೇಲೆ ಬರೆದದ್ದು ಓದಿದ್ದೀರಾ?

ಕೊಪ್ಪದಿಂದ: ಮೂವತ್ತು ವರ್ಷದಿಂದ ಮೈಲುತುತ್ತ ಕೈಯಲ್ಲಿ ಹಿಡಿದವನು ನಾನು. ನೀವು ಪೇಟೆಯವರು ಪಾಠ ಹೇಳಬೇಡಿ.

ಶಿವಮೊಗ್ಗದಿಂದ: ಅಡಿಕೆ ನಿಮಗೆ ಗೊತ್ತು, ಒಪ್ಪುತ್ತೇನೆ. ಹವಳ ಗೊತ್ತಿಲ್ಲದಿದ್ದರೆ ಸುಮ್ಮನಿರಿ. ನಿಮ್ಮ ಮಾತು ಕೇಳಿ ಯಾರಾದರೂ ಹಾಕಿದರೆ ಜವಾಬ್ದಾರಿ ಯಾರದ್ದು?

ಉತ್ತರ: ಇಬ್ಬರೂ ನಿಲ್ಲಿಸಿ. ಕೆರೆಯ ಲೆಕ್ಕ ಬೇರೆ, ರೀಫ್ ಟ್ಯಾಂಕ್ ಲೆಕ್ಕ ಬೇರೆ. ಇಲ್ಲಿ ತಾಮ್ರ ವಿಷ.

ಸೊರಬದಿಂದ ಪ್ರಶ್ನೆ: ಹಸಿರು ಪಾಚಿಗೆ ಯಾವ ಔಷಧಿ ಒಳ್ಳೆಯದು?

ಉತ್ತರ: ಮೇಲೆ ಇದೆ.

ಶಿವಮೊಗ್ಗದಿಂದ ಪ್ರಶ್ನೆ: ನನ್ನದು ಹಸಿರಲ್ಲ. ಕಂದು ಲೋಳೆ, ತುದಿಯಲ್ಲಿ ಗುಳ್ಳೆ. ರಾತ್ರಿ ಕಡಿಮೆಯಾಗಿ ಮಧ್ಯಾಹ್ನ ಮತ್ತೆ ಬರುತ್ತದೆ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ. ನೀರು ಬದಲಿಸಿದಷ್ಟೂ ಜಾಸ್ತಿಯಾಗುತ್ತಿದೆ.

ಉತ್ತರ: ಡೈನೋಫ್ಲಾಜೆಲೇಟ್ ಇರಬಹುದು, ಅದು ಬರಿಗಣ್ಣಿಗೆ ಕಾಣದ ಏಕಕೋಶ ಜೀವಿ. ಸಾಗರದವರಿಗೆ ಹೇಳಿದ್ದು ನಿಮಗಲ್ಲ. ನಿಮ್ಮಲ್ಲಿ ನೀರು ಪೋಷಕಾಂಶವಿಲ್ಲದೆ ಅತಿಯಾಗಿ ಬಡವಾಗಿದೆ. ನೀರು ಬದಲಿಸುವುದು ನಿಲ್ಲಿಸಿ, ಫಾಸ್ಫೇಟ್ ಹೀರುವ ಪುಡಿ ತೆಗೆಯಿರಿ. ಯಾವ ಜಾತಿ ಅಂತ ಸೂಕ್ಷ್ಮದರ್ಶಕದಲ್ಲಿ ನೋಡದೆ ಮುಂದೆ ಹೇಳಲಾರೆ. ಹತ್ತಿರದ ಕಾಲೇಜಿನ ಲ್ಯಾಬ್‌ನಲ್ಲಿ ಕೇಳಿ, ಫೋಟೋ ಕಳಿಸಿ.

ಭದ್ರಾವತಿಯಿಂದ: ಬ್ಲೀಚಿಂಗ್ ಪೌಡರ್ ಆಗುತ್ತಾ? ಅಂಗಳದ ಹಾವಸೆ ಅದರಲ್ಲೇ ಹೋಗುತ್ತೆ ಅಂತ ಇನ್ನೊಂದು ಮೆಸೇಜ್ ಬಂದಿದೆ.

ಉತ್ತರ: ಅಂಗಳದಲ್ಲಿ ಜೀವ ಉಳಿಸಬೇಕಾಗಿಲ್ಲ, ತೊಟ್ಟಿಯಲ್ಲಿ ಉಳಿಸಬೇಕು. ಎರಡನೇ ಸಲ ಹೇಳುತ್ತಿದ್ದೇನೆ, ಬಂದ ಮೆಸೇಜನ್ನು ಇಲ್ಲಿ ಹಾಕಬೇಡಿ.

ಭದ್ರಾವತಿಯಿಂದ: ಕೇಳಿದ್ದೇ ತಪ್ಪಾಯ್ತಾ?

ಸೊರಬದಿಂದ: ಮೇಲೆ ಎಲ್ಲಿ ಇದೆ? ಔಷಧಿ ಹೆಸರು ಕಾಣಲಿಲ್ಲ.

ಸಾಗರದಿಂದ: ಕರೆಂಟ್ ಬೆಳಿಗ್ಗೆಯಿಂದ ಇಲ್ಲ ಸರ್, ಮಳೆ ಜೋರಾಗಿದೆ. ಪಂಪ್ ನಿಂತಿದೆ.

ಉತ್ತರ: ಬ್ಯಾಟರಿ ಏರ್ ಪಂಪ್ ಇದ್ದರೆ ಹಾಕಿ. ಇಲ್ಲದಿದ್ದರೆ ಹತ್ತು ನಿಮಿಷಕ್ಕೊಮ್ಮೆ ಚೊಂಬಿನಲ್ಲಿ ನೀರೆತ್ತಿ ಮೇಲಿಂದ ಸುರಿಯಿರಿ. ಇವತ್ತು ಊಟ ಬೇಡ, ಪಾಚಿ ಕೀಳುವುದೂ ಬೇಡ.

ತೀರ್ಥಹಳ್ಳಿಯಿಂದ: ಡ್ರಮ್ಮಿನ ತಳದಲ್ಲಿ ನೀಲಿ ಕಲೆ ಇದೆ ಸರ್. ಉಜ್ಜಿದರೂ ಹೋಗುತ್ತಿಲ್ಲ. ಉಳಿದ ಎರಡು ಹುಳದಲ್ಲಿ ಒಂದು ಮಗುಚಿ ಬಿದ್ದಿದೆ.

ಉತ್ತರ: ಎರಡನ್ನೂ ಈಗಲೇ ಹೊರಗೆ ತೆಗೆಯಿರಿ. ಸ್ವಚ್ಛ ಬಕೆಟ್, ಹೊಸದಾಗಿ ಕಲಸಿದ ಉಪ್ಪುನೀರು, ಸಾಂದ್ರತೆಯೂ ಬಿಸಿಯೂ ತೊಟ್ಟಿಯಷ್ಟೇ ಇರಲಿ, ಏರ್ ಪಂಪ್ ಹಾಕಿ. ಕಾರ್ಬನ್ ಎಷ್ಟಿದೆ ಮನೆಯಲ್ಲಿ? ಫೋನ್ ಮಾಡಿ, ಕಾಯುತ್ತಿದ್ದೇನೆ.